ಬಾಣಂತಿ ಎಲ್ಲಿ ಮಲಗಬೇಕು?

"ಅಕ್ಕಾ, ಕೂಸಿಗಿ ಪೆಟ್ಟಿಗ್ಯಾಗ ಮಲಗ್ಸ್ಯಾರ. ನಾ ಎಲ್ಲಿ ಮಲಗ್ಲಿ ಅಂತ ಯಾರೂ ಹೇಳವಲ್ರು."

ನನ್ನ ತಮ್ಮನ ಹೆಂಡತಿ ಕಲಬುರಗಿಯ ಆಸ್ಪತ್ರೆಯೊಂದರಿಂದ ಫೋನಿನಲ್ಲಿ ಈ ಮಾತು ಹೇಳಿ ಮೂರು ವರ್ಷವಾಯಿತು. ಆಗ ಮೇ ತಿಂಗಳು. 31ನೇ ವಾರಕ್ಕೇ ಆಪರೇಷನ್ ಮಾಡಿ ಕೂಸನ್ನು ತೆಗೆದಿದ್ದರು. ತೂಕ 1,350 ಗ್ರಾಂ. ಉಸಿರಿಗೆ ಆಸರೆ ಬೇಕೆಂದು ಕೂಸನ್ನು ನವಜಾತ ಶಿಶು ಘಟಕಕ್ಕೆ ಒಯ್ದರು. ವಾರದೊಳಗೆ ತಾಯಿಗೆ ಡಿಸ್ಚಾರ್ಜ್ ಚೀಟಿ ಬರೆದುಕೊಟ್ಟರು. ಅವಳ ಮಂಚ ಇನ್ನೊಬ್ಬ ಬಾಣಂತಿಗೆ ಬೇಕಾಗಿತ್ತು. ಆದರೆ ಕೂಸು ಅಲ್ಲಿಂದ ಮುಂದೆ 24 ದಿನ ಒಳಗೇ ಇತ್ತು.

ಆ 24 ದಿನವೂ ಅವಳು ಇದ್ದದ್ದು ಘಟಕದ ಹೊರಗಿನ ಕಾರಿಡಾರಿನಲ್ಲಿ. ಒಂದು ಚಾಪೆ, ಒಂದು ಚಾದರ, ನೀರಿನ ಬಾಟಲಿ, ಅವ್ವ ಊರಿಂದ ತಂದ ರೊಟ್ಟಿ ಗಂಟು. ಹೊಟ್ಟೆಯ ಹೊಲಿಗೆ ಇನ್ನೂ ಹಸಿ. ನೆಲದಿಂದ ಏಳಬೇಕಾದರೆ ಒಂದು ಕೈ ಗೋಡೆಗೆ, ಇನ್ನೊಂದು ಅವ್ವನ ಹೆಗಲಿಗೆ. ಎರಡು ಮೂರು ತಾಸಿಗೊಮ್ಮೆ ಒಳಗಿನಿಂದ ಕರೆ ಬರುತ್ತಿತ್ತು, ಹಾಲು ಕೊಡಬೇಕು. ಅಷ್ಟು ಬೇಗ ಹುಟ್ಟಿದ ಕೂಸಿಗೆ ಚೀಪುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಹೊಂದಿಸಿಕೊಳ್ಳಲು ಬರುವುದಿಲ್ಲ. ಸುಮಾರು 34ನೇ ವಾರದವರೆಗೆ ಹಾಲು ಹಿಂಡಿ ಕೊಳವೆಯಲ್ಲೋ ಒಳಲೆಯಲ್ಲೋ ಕುಡಿಸಬೇಕು. ಅವಳು ಸೆರಗು ಹೊದ್ದು, ಗೋಡೆಯ ಕಡೆ ಮುಖ ಮಾಡಿ, ಸ್ಟೀಲ್ ಬಟ್ಟಲಿಗೆ ಹಾಲು ಹಿಂಡುತ್ತಿದ್ದಳು. ಬೆನ್ನ ಹಿಂದೆ ಗಂಡಸರು ಓಡಾಡುತ್ತಿದ್ದರು. ಶೌಚಾಲಯ ಕೆಳಗಿನ ಮಹಡಿಯಲ್ಲಿ. ಆ ಮೆಟ್ಟಿಲಿಳಿಯುವ ಅಂಜಿಕೆಗೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಳೆಂದು ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ. ಕಲಬುರಗಿಯ ಮೇ ತಿಂಗಳ ಬಿಸಿಲು ಎಂಥದ್ದೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ಬಿಸಿಲಲ್ಲಿ, ಹಾಲೂಡಿಸಬೇಕಾದ ತಾಯಿ ನೀರು ಕುಡಿಯಲು ಹೆದರುತ್ತಿದ್ದಳು.

ಮನೆಯಲ್ಲಿ ಹೆರಿಗೆಯಾದವಳನ್ನು ನಾವು ಹೇಗೆ ನೋಡಿಕೊಳ್ಳುತ್ತೇವೆ! ಬೆಚ್ಚನೆಯ ಕೋಣೆ, ಎಣ್ಣೆ ನೀರು, ಅಂಟಿನುಂಡಿ, ಐದನೇ ದಿನಕ್ಕೆ ಸೆಟವಿ ಪೂಜೆ. ಕೂಸಿನ ಹಣೆಬರಹ ಬರೆಯಲು ಬರುವವಳಿಗಾಗಿ ದೀಪ ಹಚ್ಚಿಟ್ಟು ಮನೆಮಂದಿ ಎಚ್ಚರವಿರುತ್ತಾರೆ. ನಮ್ಮವ್ವ ಆ ರಾತ್ರಿ ಆಸ್ಪತ್ರೆಯಲ್ಲಿ ದೀಪ ಹಚ್ಚುವಂತಿರಲಿಲ್ಲ. ಘಟಕದ ಬಾಗಿಲ ಗಾಜಿನೊಳಗಿಂದ ಕಾಣುತ್ತಿದ್ದ ನೀಲಿ ಬೆಳಕಿಗೇ ಕೈ ಮುಗಿದಳಂತೆ. ಕಾಮಾಲೆಯಾದ ಕೂಸುಗಳಿಗೆ ಹಾಕುವ ಬೆಳಕು ಅದು.

ಇಷ್ಟೆಲ್ಲ ಕೇಳುತ್ತ ನಾನು ಇಲ್ಲಿ ಅಮೆರಿಕದಲ್ಲಿ ಸಂಕಟಪಡುವುದಕ್ಕೆ ಇನ್ನೊಂದು ಕಾರಣವಿತ್ತು. ನನ್ನ ಮಗಳೂ ದಿನ ತುಂಬುವ ಮೊದಲೇ ಹುಟ್ಟಿದವಳು, ಈ ದೇಶದ ಆಸ್ಪತ್ರೆಯಲ್ಲಿ. ಅಲ್ಲಿ ಶಿಶು ಘಟಕದ ಬಾಗಿಲಿನಿಂದ ಮೂವತ್ತು ಹೆಜ್ಜೆಗೆ ಮನೆಯವರಿಗೆಂದೇ ಒಂದು ಕೋಣೆ. ಮಲಗಲು ಜಾಗ, ಸ್ನಾನದ ಮನೆ, ಬಟ್ಟೆ ಒಗೆಯುವ ಯಂತ್ರ, ಯಾರೋ ಪುಣ್ಯಾತ್ಮರು ಮಾಡಿಟ್ಟು ಹೋದ ಬಿಸಿ ಸಾರು. ಒಂದು ರೂಪಾಯಿ ಕೇಳಲಿಲ್ಲ. ಹೆರಿಗೆಯಾದ ಆರನೇ ರಾತ್ರಿ ಅಲ್ಲಿ ನಾಲ್ಕು ತಾಸು ನಿದ್ದೆ ಮಾಡಿದೆ. ಆ ನಿದ್ದೆಯನ್ನು ಇವತ್ತಿಗೂ ಮರೆತಿಲ್ಲ. ಇಂಥ ಆಸರೆ ಈ ದೇಶದಲ್ಲೂ ತಾನಾಗಿ ಬಂದದ್ದಲ್ಲ. 1974ರಲ್ಲಿ ಫಿಲಡೆಲ್ಫಿಯಾದಲ್ಲಿ ಮಕ್ಕಳ ಕ್ಯಾನ್ಸರ್ ವೈದ್ಯೆ ಆಡ್ರಿ ಇವಾನ್ಸ್ ಮತ್ತು ರಕ್ತದ ಕ್ಯಾನ್ಸರ್ ಬಂದಿದ್ದ ಮಗುವಿನ ತಂದೆ, ಫುಟ್ಬಾಲ್ ಆಟಗಾರ ಫ್ರೆಡ್ ಹಿಲ್ ಮೊದಲಾದವರು ಸೇರಿ ಮೊದಲ ರೊನಾಲ್ಡ್ ಮೆಕ್‌ಡೊನಾಲ್ಡ್ ಹೌಸ್ ತೆರೆದರು. ಮಕ್ಕಳ ಜೊತೆ ಬಂದ ತಂದೆತಾಯಿ ಆಸ್ಪತ್ರೆಯ ಕುರ್ಚಿಗಳ ಮೇಲೆ ರಾತ್ರಿ ಕಳೆಯುವುದನ್ನು ಕಂಡು ಹುಟ್ಟಿದ ಮನೆ ಅದು. ಆಮೇಲೆ ಆಸ್ಪತ್ರೆಯ ಒಳಗೇ, ಘಟಕದ ಮಗ್ಗುಲಲ್ಲೇ, ಇಂಥ ಕೋಣೆಗಳು ಬಂದವು.

ಇದನ್ನು ಸೌಕರ್ಯ ಎಂದು ಕರೆಯುವವರಿದ್ದಾರೆ. ಮೊದಲು ಯಂತ್ರ, ಔಷಧ. ಮಿಕ್ಕರೆ ಕೋಣೆ ಎನ್ನುತ್ತಾರೆ. ಇಲ್ಲಿಯ ನಮ್ಮ ಕನ್ನಡ ಸಂಘದ ಸಮಿತಿಯಲ್ಲೂ ಈ ಮಾತು ಬಂತು. ಅವರ ಕಳಕಳಿ ನನಗೆ ಅರ್ಥವಾಗುತ್ತದೆ, ಆದರೆ ಒಪ್ಪಲಾರೆ. ತಾಯಿ ಹತ್ತಿರವಿರುವುದು ಕೂಸಿನ ಚಿಕಿತ್ಸೆಯ ಭಾಗ. ಅವಳನ್ನು ಊರಿಗೆ ಕಳಿಸಿದರೆ ಚಿಕಿತ್ಸೆಯ ಅರ್ಧ ಬಸ್ಸು ಹತ್ತಿ ಹೋದಂತೆ.

1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಕೂಸುಗಳನ್ನು ಬೆಚ್ಚಗಿಡುವ ಪೆಟ್ಟಿಗೆಗಳು ಸಾಲದೆ ಬಂದಾಗ ಎಡ್ಗರ್ ರೇ ಎಂಬ ವೈದ್ಯರು ಕೂಸುಗಳನ್ನು ತಾಯಂದಿರ ಎದೆಗೆ, ಬರೀ ಮೈಗೆ ಮೈ ತಾಗುವಂತೆ, ಕಟ್ಟಿಸಿದರು. ಅದೇ ಇವತ್ತಿನ ಕಾಂಗರೂ ಆರೈಕೆ. ಬಹಳ ವರ್ಷ ಇದನ್ನು ಬಡವರ ಉಪಾಯ ಎಂದುಕೊಂಡಿದ್ದರು. ಕೂಸು ಚೇತರಿಸಿಕೊಂಡ ಮೇಲಷ್ಟೇ ಮಾಡಿಸುತ್ತಿದ್ದರು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ದೊಡ್ಡ ಅಧ್ಯಯನವೊಂದು ಪ್ರಕಟವಾಯಿತು. ಭಾರತವೂ ಸೇರಿ ಐದು ದೇಶ, 1.8 ಕಿಲೋಗಿಂತ ಕಡಿಮೆ ತೂಕದ 3,211 ಕೂಸುಗಳು. ಹುಟ್ಟಿದ ಕೂಡಲೇ ತಾಯಿಯ ಎದೆಗೆ ಹಾಕಿದ ಕೂಸುಗಳಲ್ಲಿ 28 ದಿನದೊಳಗೆ ತೀರಿಕೊಂಡವು ನೂರಕ್ಕೆ 12. ಕಾಯಿಸಿ ಆಮೇಲೆ ಹಾಕಿದವುಗಳಲ್ಲಿ 15.7. ವ್ಯತ್ಯಾಸ ಎಷ್ಟು ಸ್ಪಷ್ಟವಿತ್ತೆಂದರೆ ಅಧ್ಯಯನವನ್ನು ನಡುವೆಯೇ ನಿಲ್ಲಿಸಿದರು. ನಾನು ಈ ಸಂಪಾದಕೀಯ ಬರೆಯುತ್ತಿರುವುದೇ ಅದರ ಇನ್ನೊಂದು ಸಂಗತಿಗಾಗಿ: ಹಾಗೆ ಮಾಡಲು ಆ ಆಸ್ಪತ್ರೆಗಳು ಶಿಶು ಘಟಕದೊಳಗೇ ತಾಯಿಗೂ ಮಂಚ ಹಾಕಬೇಕಾಯಿತು. 2022ರಿಂದ ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 8ರಿಂದ 24 ತಾಸು ಈ ಆರೈಕೆ ಕೊಡಿ ಎನ್ನುತ್ತಿದೆ. ಕಾರಿಡಾರಿನ ಚಾಪೆಯ ಮೇಲೆ ಮಲಗಿದವಳು, ಕಡೆಯ ಬಸ್ಸಿಗೆ ಆಳಂದಕ್ಕೋ ಚಿಂಚೋಳಿಗೋ ಹೋಗಬೇಕಾದವಳು ದಿನಕ್ಕೆ ಎಂಟು ತಾಸು ಎಲ್ಲಿಂದ ತಂದಾಳು?

ಕಲ್ಯಾಣ ಕರ್ನಾಟಕಕ್ಕೆ ಇದು ಹೊಸದೇನಲ್ಲ. ನಮ್ಮ ಕೊಪ್ಪಳ ಜಿಲ್ಲೆಯಲ್ಲೇ ಕಾಂಗರೂ ಆರೈಕೆಯನ್ನು ಜಿಲ್ಲೆಯಾದ್ಯಂತ ತರುವ ಅಧ್ಯಯನ ನಡೆದಿದೆ. ಕೇಂದ್ರ ಆರೋಗ್ಯ ಸಚಿವಾಲಯ 2017ರಲ್ಲೇ ತಂದೆತಾಯಿ, ಮನೆಯವರನ್ನು ಘಟಕದೊಳಗೆ ಬಿಟ್ಟುಕೊಂಡು ಆರೈಕೆ ಕಲಿಸಬೇಕೆಂದು ಮಾರ್ಗಸೂಚಿ ಹೊರಡಿಸಿತು. ಕೈ ತೊಳೆಯುವುದು, ಹಾಲು ಹಿಂಡುವುದು, ಎದೆಗೆ ಕಟ್ಟಿಕೊಳ್ಳುವುದು, ಅಪಾಯದ ಲಕ್ಷಣ ಗುರುತಿಸುವುದು, ಎಲ್ಲ ಅದರಲ್ಲಿದೆ. ಇನ್ನು 2011ರಿಂದ ಇರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮವನ್ನು ನೋಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಕಾಯಿಲೆಯ ನವಜಾತ ಶಿಶುವಿಗೆ 30 ದಿನ ಉಚಿತ ಚಿಕಿತ್ಸೆ ಎಂದು ಅದು ಶುರುವಾಯಿತು, ಆಮೇಲೆ ಒಂದು ವರ್ಷದ ತನಕ ವಿಸ್ತರಿಸಿದರು. ತಾಯಿಗೆ ಉಚಿತ ಊಟ? ಸಹಜ ಹೆರಿಗೆಗೆ 3 ದಿನ, ಸಿಸೇರಿಯನ್‌ಗೆ 7 ದಿನ. ತಾಯಿಯ ಊಟ ಮುಗಿದ ದಿನದಿಂದ ಕೂಸಿನ ಬಿಡುಗಡೆಯ ದಿನದವರೆಗಿನ ಆ ನಡುವಿನ ಕಾಲವೇ ಕಾರಿಡಾರು.

ಹಾಗಾಗಿ ಈ ರಾಜ್ಯೋತ್ಸವ ಸಂಚಿಕೆಯಲ್ಲಿ ನಾನು ಇಡುವ ಬೇಡಿಕೆ ಒಂದೇ. ಮುಂದಿನ ವರ್ಷದ ನಮ್ಮ ಸೇವಾನಿಧಿ ಕಲಬುರಗಿ, ಬೀದರ್, ಯಾದಗಿರಿ ಈ ಮೂರರಲ್ಲಿ ಒಂದು ಕಡೆ, ಸರ್ಕಾರಿ ಆಸ್ಪತ್ರೆಯ ನವಜಾತ ಶಿಶು ಘಟಕಕ್ಕೆ ಅಂಟಿಕೊಂಡಂತೆ ತಾಯಂದಿರಿಗೊಂದು ಕೋಣೆಗೆ ಹೋಗಲಿ. ನವೆಂಬರ್ 17 ಅವಧಿಪೂರ್ವ ಜನಿಸಿದ ಶಿಶುಗಳ ವಿಶ್ವ ದಿನ. ಆ ವಾರದ ಸಭೆಯಲ್ಲಿ ಇದನ್ನು ಚರ್ಚಿಸೋಣ.

ಕೋಣೆ ದೊಡ್ಡದಿರಬೇಕಿಲ್ಲ, ಆದರೆ ಅದೇ ಮಹಡಿಯಲ್ಲಿರಬೇಕು. ಹೊಲಿಗೆ ಹಾಕಿಸಿಕೊಂಡವಳು ಇಳಿಯಲು ಹತ್ತಲು ಆಗುವಂಥ ಎತ್ತರದ ಮಂಚ, ಒರಗಿ ಕೂರುವ ಕುರ್ಚಿ, ಬಿಸಿನೀರು, ಅಂಟಿಕೊಂಡ ಶೌಚಾಲಯ, ಹಿಂಡಿದ ಹಾಲಿಡಲು ಫ್ರಿಜ್ಜು, ಮೂರು ಹೊತ್ತು ಊಟ. ನಮ್ಮ ಕಡೆಯ ಬಾಣಂತಿಗೆ ಜೋಳದ ರೊಟ್ಟಿ, ತೊಗರಿ ಬೇಳೆ, ಸೊಪ್ಪಿನ ಪಲ್ಯ ಸಿಕ್ಕರೆ ಜೀವ ಬರುತ್ತದೆ. ಘಟಕದ ಹೊರಗೆ ಕನ್ನಡ, ಉರ್ದು, ಮರಾಠಿ, ತೆಲುಗು, ಲಂಬಾಣಿ ಎಲ್ಲ ಮಾತೂ ಕೇಳಿಸುತ್ತದೆ. ಹಾಲು ಹಿಂಡುವುದು ಹೇಗೆಂಬುದನ್ನು ಚಿತ್ರದಲ್ಲಿ ತೋರಿಸಬೇಕು. ಅಪ್ಪಂದಿರಿಗೂ ಒಂದು ಮೂಲೆ ಬೇಕು. ನನ್ನ ತಮ್ಮ ಅಷ್ಟೂ ರಾತ್ರಿ ಅಂಗಳದ ಬೇವಿನ ಗಿಡದ ಕೆಳಗೆ ಮಲಗಿದ್ದ. ಕೂಸನ್ನು ಎದೆಗೆ ಕಟ್ಟಿಕೊಳ್ಳಲು ತಂದೆಗೂ, ಅಜ್ಜಿಗೂ ಬರುತ್ತದೆಂದು ಅವನಿಗೆ ಯಾರೂ ಹೇಳಲಿಲ್ಲ.

ಇನ್ನೊಂದು ಬಾಗಿಲೂ ಬೇಕು, ಬರೆಯಲು ಕೈ ತಡೆಯುತ್ತದೆ. ಆ 24 ದಿನಗಳಲ್ಲಿ ಇಬ್ಬರು ತಾಯಂದಿರು ಬರಿಗೈಯಲ್ಲಿ ಊರಿಗೆ ಹೋದರು. ಸುದ್ದಿ ತಿಳಿದದ್ದು ಕಾರಿಡಾರಿನಲ್ಲೇ, ಅತ್ತದ್ದು ಅಲ್ಲೇ, ಎಲ್ಲರೆದುರು ಚಾಪೆ ಸುತ್ತಿಕೊಂಡು ಎದ್ದದ್ದೂ ಅಲ್ಲೇ. ಉಳಿದ ತಾಯಂದಿರು ಮುಖ ತಿರುಗಿಸಿ ಕೂತಿದ್ದರಂತೆ, ಕಲ್ಲು ಮನಸ್ಸಿನಿಂದಲ್ಲ, ಹೆದರಿಕೆಯಿಂದ. ಅಂಥ ಹೊತ್ತಿನಲ್ಲಿ ಒಬ್ಬಳು ಬಾಗಿಲು ಹಾಕಿಕೊಂಡು, ಕೂಸನ್ನು ಮಡಿಲಲ್ಲಿಟ್ಟುಕೊಂಡು ಅಳುವಷ್ಟು ಜಾಗ ಆ ಆಸ್ಪತ್ರೆಯಲ್ಲಿ ಇರಬೇಕಿತ್ತು.

ಕಟ್ಟಿಸುವುದು ಸುಲಭದ ಭಾಗ. ನಡೆಸುವುದು ಕಷ್ಟ. ಉದ್ಘಾಟನೆಯ ಮರುತಿಂಗಳು ಕೋಣೆಗೆ ಕೀಲಿ ಬಿದ್ದು, ಆರು ತಿಂಗಳಿಗೆ ಹಳೆಯ ಮಂಚಗಳ ಗೋದಾಮಾದರೆ ನಾವು ಕೊಟ್ಟಿದ್ದು ಏನೂ ಇಲ್ಲ. ಅದಕ್ಕೇ ನನ್ನ ವಿನಂತಿ: ಹಣದ ದೊಡ್ಡ ಪಾಲು ಗೋಡೆಗೆ ಹೋಗುವುದು ಬೇಡ, ಮನುಷ್ಯರ ಸಂಬಳಕ್ಕೆ ಹೋಗಲಿ. ಹಗಲಿಗೊಬ್ಬರು, ರಾತ್ರಿಗೊಬ್ಬರು ಹೆಣ್ಣುಮಕ್ಕಳು, ಸಾಧ್ಯವಾದರೆ ಇದೇ ಘಟಕದಿಂದ ಕೂಸನ್ನು ಮನೆಗೆ ಒಯ್ದ ತಾಯಂದಿರೇ. ಹಾಲು ಬರುತ್ತಿಲ್ಲವೆಂದು ಅಳುವವಳಿಗೆ "ನಂಗೂ ಮೂರ್ ದಿನ ಬರ್ಲಿಲ್ಲವ್ವಾ" ಎಂದು ಅವರಷ್ಟು ಚೆನ್ನಾಗಿ ಯಾರು ಹೇಳುತ್ತಾರೆ? ಕನಿಷ್ಠ ಐದು ವರ್ಷದ ಖರ್ಚು ಕೈಯಲ್ಲಿಟ್ಟುಕೊಳ್ಳದೆ ನಾವು ಕೈ ಹಾಕಬಾರದು. ಕೋಣೆಯ ಹೊಣೆಯನ್ನು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಜೊತೆ ಕೂತು, ಬರೆದು, ಗೊತ್ತುಮಾಡಿಕೊಳ್ಳಬೇಕು.

ಹಣ ಕಳಿಸುವ ದಾರಿಯ ಬಗ್ಗೆಯೂ ಎಚ್ಚರವಿರಲಿ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ತಮ್ಮ ದುಡಿಮೆಯ ಹಣವನ್ನು ಬ್ಯಾಂಕಿನ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆಯಲ್ಲ. ಇಲ್ಲಿಯ ಪೌರತ್ವ ಪಡೆದವರು ಕೊಟ್ಟದ್ದು, ಸಂಘದ ಖಾತೆಯಿಂದ ಹೋದದ್ದು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, 2010ರ ಅಡಿ ಬರುತ್ತದೆ. 2020ರ ತಿದ್ದುಪಡಿಯ ನಂತರ ಅಂಥ ಹಣ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಆದ್ದರಿಂದ ಯಾರೂ ಅವಸರದಲ್ಲಿ ಊರಿನ ಪರಿಚಯದವರ ಖಾತೆಗೆ ಹಾಕಬೇಡಿ. ತಿಳಿದವರ ಸಲಹೆ ಪಡೆದು ಒಟ್ಟಾಗಿ ಕಳಿಸೋಣ.

ನಮ್ಮಲ್ಲಿ ಆ ಭಾಗದ ಮನೆಗಳು ಕಡಿಮೆಯಿಲ್ಲ. ಅಂಥ ಕಾರಿಡಾರಿನಲ್ಲಿ ರಾತ್ರಿ ಕಳೆದ ಅಕ್ಕ, ಅತ್ತಿಗೆ, ಅವ್ವ ನಿಮ್ಮ ಮನೆಯಲ್ಲೂ ಇದ್ದಾರು. ಅವರಿಗೆ ಫೋನ್ ಮಾಡಿ, ಆಗ ಏನಿದ್ದರೆ ಅನುಕೂಲವಾಗುತ್ತಿತ್ತು ಎಂದು ಕೇಳಿ ಬರೆದು ಕಳಿಸಿ. ಡಾಕ್ಟರರಿಗೆ, ಎಂಜಿನಿಯರರಿಗೆ ತಿಳಿಯದ್ದು ಅವರಿಗೆ ಗೊತ್ತಿರುತ್ತದೆ.

ನಾನು ತಮ್ಮನ ಹೆಂಡತಿಯನ್ನು ಕಳೆದ ವಾರ ಕೇಳಿದೆ. ಮಂಚ ಎನ್ನುತ್ತಾಳೆ, ಇಲ್ಲವೇ ಫ್ಯಾನು ಎಂದುಕೊಂಡಿದ್ದೆ. ಕೂಸು, ಈಗ ಮೂರು ವರ್ಷದ ಪೋರ, ಹಿಂದಿನಿಂದ ಅವಳ ಸೆರಗು ಜಗ್ಗುತ್ತಿದ್ದ. ಅವನನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಒಳಗಿನಿಂದ ಹಾಕ್ಕೊಳ್ಳಾಕ ಒಂದ್ ಚಿಲಕ ಇರ್ಲಿ ಅಕ್ಕಾ."

ಪಟ್ಟಿಯಲ್ಲಿ ಮೊದಲು ಅದನ್ನೇ ಬರೆದುಕೊಂಡಿದ್ದೇನೆ.