ಮೂಳೆ ವಿಭಾಗದ ಪಿಜಿ ವೈದ್ಯರ ಗಮನಕ್ಕೆ: ನಾಳೆಯ ಸೊಂಟದ ಕೇಸು
ನಾಳೆ ಬೆಳಗ್ಗೆ 7.30ಕ್ಕೆ ಕೇಸ್ ಚರ್ಚೆ. ಸಿಲ್ಕ್ ಬೋರ್ಡ್ ಟ್ರಾಫಿಕ್ ನೆಪ ಹಳೇದಾಯ್ತು, ಬೇಗ ಹೊರಡಿ. ಬಿದ್ದ ಅಜ್ಜಿಯೊಬ್ಬರಿಗೆ ಕೃತಕ ಸೊಂಟದ ಕೀಲಿನ ಸುತ್ತ ತೊಡೆಮೂಳೆ ಮುರಿತ. ಇಂಥ ಮುರಿತಗಳನ್ನು ಎ, ಬಿ, ಸಿ ಅಂತ ವಿಂಗಡಿಸುವ ವ್ಯಾಂಕೂವರ್ ವರ್ಗೀಕರಣ ಓದಿಕೊಂಡು ಬನ್ನಿ.

ಎ ಅಂದ್ರೆ ಟ್ರೋಕ್ಯಾಂಟರ್ (ತೊಡೆಮೂಳೆಯ ಮೇಲ್ಭಾಗದ ಉಬ್ಬು) ಭಾಗ, ಸಿ ಅಂದ್ರೆ ಸ್ಟೆಮ್ (ಕೃತಕ ಕೀಲಿನ, ತೊಡೆಮೂಳೆಯೊಳಗೆ ಕೂರುವ ದಂಡ) ತುದಿಗಿಂತ ಸಾಕಷ್ಟು ಕೆಳಗೆ. ತಲೆನೋವೆಲ್ಲ ಬಿ, ಅಂದ್ರೆ ಸ್ಟೆಮ್ ಸುತ್ತ ಅಥವಾ ಅದರ ತುದಿಯ ಸ್ವಲ್ಪ ಕೆಳಗೆ. ಸ್ಟೆಮ್ ಗಟ್ಟಿಯಿದ್ದರೆ ಬಿ1: ಪ್ಲೇಟ್, ಕೇಬಲ್. ಸಡಿಲವಾಗಿದ್ದು ಮೂಳೆ ಚೆನ್ನಾಗಿದ್ದರೆ ಬಿ2: ಸಾಮಾನ್ಯವಾಗಿ ಉದ್ದ ಸ್ಟೆಮ್ ಹಾಕಿ ರಿವಿಷನ್, ಅಂದ್ರೆ ಹಳೆಯ ಸ್ಟೆಮ್ ತೆಗೆದು ಬದಲಿಸುವ ಆಪರೇಷನ್. ಮೂಳೆಯೂ ಸವೆದಿದ್ದರೆ ಬಿ3.

ಸಡಿಲ ಸ್ಟೆಮ್ಮನ್ನು ಬಿ1 ಅಂದುಕೊಂಡು ಬರೀ ಪ್ಲೇಟ್ ಹಾಕಿದರೆ ಕೈಕೊಡುವ ಸಂಭವವೇ ಹೆಚ್ಚು. ಸ್ಟೆಮ್ ಮೊದಲೇ ಸಡಿಲವಾಗಿತ್ತಾ ಅಂತ ತಿಳಿಯಲು, ಬೀಳುವ ಮುಂಚೆಯೇ ತೊಡೆನೋವಿತ್ತಾ ಅಂತ ಅಜ್ಜಿಯನ್ನು ಕೇಳಿ, ಹಳೆಯ ಎಕ್ಸ್‌ರೇ ತರಿಸಿ. ಅನುಮಾನ ಉಳಿದರೆ ಥಿಯೇಟರ್‌ನಲ್ಲಿ ಸ್ಟೆಮ್ ಅಲುಗಾಡಿಸಿ ನೋಡಿದ ಮೇಲೇ ತೀರ್ಮಾನ. ರಿವಿಷನ್ ಸೆಟ್ ಇವತ್ತೇ ಹೇಳಿಡಿ.