ಶರ್ಟಿಗೆ ‘ಬಿಫಿಟ್’ ಸಲ್ಲದು

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಈಚಿನ ವಿದ್ಯಾರ್ಥಿ ಪುಟದಲ್ಲಿ ‘ಬಿಫಿಟ್’ ಎಂಬ ಇಂಗ್ಲಿಷ್ ಕ್ರಿಯಾಪದಕ್ಕೆ ‘ಸರಿಹೊಂದು’ ಎಂದಷ್ಟೇ ಅರ್ಥ ಕೊಟ್ಟು, ‘ದಿಸ್ ಶರ್ಟ್ ಬಿಫಿಟ್ಸ್ ಟು ಮಿ’ ಎಂಬ ವಾಕ್ಯವನ್ನು ಉದಾಹರಣೆಯಾಗಿ ಅಚ್ಚು ಹಾಕಲಾಗಿದೆ. ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಗಳ ಮಕ್ಕಳೂ ಓದಬಹುದಾದ ಪುಟವಾದ್ದರಿಂದ ಈ ಪತ್ರ.

ಶರ್ಟಿನ ಅಳತೆ ಸರಿಯಾಗಿದ್ದರೆ ‘ಫಿಟ್’, ಅದರ ಬಣ್ಣ ನಮಗೆ ಒಪ್ಪಿದರೆ ‘ಸೂಟ್’. ‘ಬಿಫಿಟ್’ಗೆ ಈ ಎರಡರ ಗೊಡವೆಯೂ ಇಲ್ಲ. ಒಂದು ನಡೆ, ಮಾತು ಅಥವಾ ಸತ್ಕಾರ ಒಬ್ಬರ ಸ್ಥಾನಮಾನಕ್ಕೋ ಸಂದರ್ಭದ ಘನತೆಗೋ ತಕ್ಕುದಾಗಿದೆಯೇ ಎಂದು ತೂಗಿ ನೋಡುವಲ್ಲಿ ಅದು ಬರುತ್ತದೆ. ನಿವೃತ್ತರಾಗುವ ಮುಖ್ಯೋಪಾಧ್ಯಾಯರನ್ನು ಸಂಘದವರು ಶಾಲು ಹೊದಿಸಿ ಗೌರವದಿಂದ ಬೀಳ್ಕೊಟ್ಟರೆ ‘ಆ್ಯಸ್ ಬಿಫಿಟ್ಸ್ ಹಿಸ್ ಪೊಸಿಷನ್’ ಎಂದು ವರದಿಯಲ್ಲಿ ಬರೆಯಬಹುದು. ಮುಂಬಯಿಯ ಮಕ್ಕಳಿಗೆ ಇದನ್ನು ವಿವರಿಸುವುದು ಕಷ್ಟವೂ ಅಲ್ಲ. ಪಕ್ಕದ ಮನೆಯ ಮರಾಠಿ ತಾಯಿ, ಹಿರಿಯರಿಗೆ ಎದುರಾಡಿದ ಮಗನನ್ನು ‘ಹೇ ತುಲಾ ಶೋಭತ್ ನಾಹೀ’ ಎಂದು ಗದರುವುದನ್ನು ಅವರು ಕೇಳಿಯೇ ಇರುತ್ತಾರೆ. ನಾವು ‘ನಿನಗಿದು ಶೋಭೆಯಲ್ಲ’ ಎನ್ನುವಾಗಲೂ ಇದೇ ಭಾವ.

ಇನ್ನು ಆ ‘ಟು’. ಕನ್ನಡದಲ್ಲಿ ‘ಅವರಿಗೆ ಒಪ್ಪುತ್ತದೆ’, ‘ಹುದ್ದೆಗೆ ತಕ್ಕದ್ದು’ ಎಂದು ಚತುರ್ಥಿ ವಿಭಕ್ತಿ ಹಚ್ಚಿ ಹೇಳುವ ರೂಢಿಯಿಂದ ಇಂಗ್ಲಿಷಿನಲ್ಲಿಯೂ ‘ಟು’ ತಾನಾಗಿ ನುಸುಳುತ್ತದೆ, ಆದರೆ ‘ಬಿಫಿಟ್’ ಅದಿಲ್ಲದೆ ನೇರವಾಗಿ ಕರ್ಮವನ್ನು ತೆಗೆದುಕೊಳ್ಳುತ್ತದೆ. ಕರ್ತೃವೂ ಸಾಮಾನ್ಯವಾಗಿ ವ್ಯಕ್ತಿಯಲ್ಲ. ಆದ್ದರಿಂದ ಕೆಲಸದ ಅರ್ಜಿಯಲ್ಲಿ ‘ಐ ಬಿಫಿಟ್ ದಿಸ್ ಜಾಬ್’ ಎನ್ನದೆ ‘ಐ ಆ್ಯಮ್ ಸೂಟೆಡ್ ಟು ದಿಸ್ ಜಾಬ್’ ಎನ್ನಬೇಕು; ಅಲ್ಲಿ ‘ಟು’ ಬೇಕೇ ಬೇಕು!

ಭೂತಕಾಲದ ‘ಬಿಫಿಟೆಡ್’ನಲ್ಲಿ ಒತ್ತು ಕೊನೆಯ ‘ಫಿಟ್’ ಮೇಲೆ ಬೀಳುವುದರಿಂದ ‘ಟಿ’ ಅಕ್ಷರ ಇಮ್ಮಡಿಯಾಗುತ್ತದೆ, ‘ಬೆನಿಫಿಟೆಡ್’ನಲ್ಲಿ ಒತ್ತು ಮೊದಲಿಗೇ ಬೀಳುವುದರಿಂದ ಸಾಮಾನ್ಯವಾಗಿ ಒಂದೇ ‘ಟಿ’ ಸಾಕು. ಇವೆರಡನ್ನೂ ಅದಲುಬದಲು ಮಾಡುವ ಮಕ್ಕಳು ಕಡಿಮೆಯೇನಲ್ಲ.

ಭಾರತದ ಇಂಗ್ಲಿಷ್ ಪತ್ರಿಕೆಗಳಿಗೆ ಬಹು ಪ್ರಿಯವಾದ ‘ಬಿಫಿಟಿಂಗ್ ರಿಪ್ಲೈ’ಯನ್ನು ನಾನು ತಪ್ಪೆನ್ನಲಾರೆ, ಬ್ರಿಟನ್ನಿನವರು ಅಲ್ಲಿ ‘ಫಿಟಿಂಗ್’ ಎಂದು ಮುಗಿಸಿಬಿಡುತ್ತಾರೆ, ಅಷ್ಟೆ. ಆದರೆ ಶರ್ಟಿನ ವಾಕ್ಯ ಹಾಗೆಯೇ ಉಳಿಯಬಾರದು. ಮುಂದಿನ ಸಂಚಿಕೆಯ ಅದೇ ಪುಟದಲ್ಲಿ ತಿದ್ದುಪಡಿಯನ್ನು ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಇಂಗ್ಲಿಷ್ ಶಿಕ್ಷಕ, ಮುಂಬಯಿ