ಸಿಪ್ಪೆ ಹೊಂಡದ ಕೆಂಪು ನೀರಿನ ವಿಚಾರವಾಗಿ ಅಪ್ಪಯ್ಯನಿಗೆ

ಗ್ಲಾಸ್ಗೋ,
ಡಿಸೆಂಬರ್ 9

ತೀರ್ಥರೂಪ ಅಪ್ಪಯ್ಯನವರಿಗೂ ಮಾತೃಶ್ರೀ ಅಮ್ಮನಿಗೂ ವಾಣಿ ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ.

ನಿಮ್ಮ ಪತ್ರವೂ ಮಾಧವ ಕಳಿಸಿದ ಫೋಟೊಗಳೂ ತಲುಪಿದವು. ಅಜ್ಜಿಗೆ ಭೇದಿ ಇನ್ನೂ ನಿಂತಿಲ್ಲವೆಂದು ಓದಿದಾಗಿನಿಂದ ನನಗೆ ಬೇರೆ ಯಾವುದರ ಮೇಲೂ ಮನಸ್ಸಿಲ್ಲ. ಉಳಿದದ್ದನ್ನು ಓದುವ ಮೊದಲು ದಯವಿಟ್ಟು ಇಷ್ಟನ್ನು ಮಾಡಿ. ಅಜ್ಜಿಗೆ ಓ.ಆರ್.ಎಸ್. ಕಲಸಿದ ನೀರನ್ನು ಸ್ವಲ್ಪಸ್ವಲ್ಪವಾಗಿ ಕೊಡುತ್ತಲೇ ಇರಿ, ನಾಳೆಯೇ ಪೇಟೆಗೆ ಕರೆದುಕೊಂಡು ಹೋಗಿ ವೈದ್ಯರಿಗೆ ತೋರಿಸಿ. ಅವರು ಬೇಡವೆನ್ನುತ್ತಾರೆ, ಕೇಳಬೇಡಿ. ಆ ವಯಸ್ಸಿನಲ್ಲಿ ಮೈಯ ನೀರು ಹೋದರೆ ಅಪಾಯ ಬೇಗ ಬರುತ್ತದೆ. ಮನೆಯವರೆಲ್ಲರೂ ಬಾವಿಯ ನೀರನ್ನು ಚೆನ್ನಾಗಿ ಕುದಿಸಿಯೇ ಕುಡಿಯಿರಿ.

ಎರಡನೆಯದು, ಮಂಜನನ್ನು ಅಡಿಕೆ ಸಿಪ್ಪೆಯ ಹೊಂಡಕ್ಕೆ ಇಳಿಸಿ ನೀರಿನ ಕೆಂಪು ಪದರವನ್ನು ಕೆರೆಸುತ್ತೇನೆಂದು ಬರೆದಿದ್ದೀರಿ. ಯಾವ ಕಾರಣಕ್ಕೂ ಹಾಗೆ ಮಾಡಬೇಡಿ. ಕೊಳೆತ ಮೊಟ್ಟೆಯಂಥ ವಾಸನೆ ಬರುತ್ತಿದೆಯೆಂದು ನೀವೇ ಹೇಳಿದ್ದೀರಿ. ಅದು ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ. ತಳದ ಕೆಸರನ್ನು ಕಲಕಿದರೆ ಅದು ಒಮ್ಮೆಲೇ ಮೇಲೆದ್ದು, ಇಳಿದವನ ಎಚ್ಚರ ತಪ್ಪಿಸಿ ಜೀವ ತೆಗೆಯಬಲ್ಲದು. ಅನಿಲ ಹೆಚ್ಚಾದಾಗ ಮೂಗು ವಾಸನೆಯನ್ನೇ ಗ್ರಹಿಸುವುದಿಲ್ಲವಾದ್ದರಿಂದ, ವಾಸನೆ ನಿಂತಿತೆಂದು ಧೈರ್ಯ ಮಾಡಲೂಬಾರದು. ನೀರನ್ನು ದಡದಿಂದಲೇ ಪಂಪ್‌ಸೆಟ್ ಇಟ್ಟು ಬಾವಿಗೆ ದೂರವಾದ ಇಳಿಜಾರಿಗೆ ಹಾಯಿಸಿ.

ಇನ್ನು ಆ ಬಣ್ಣದ ವಿಚಾರ. ಅಜ್ಜಿಯ ಕಾಯಿಲೆಗೆ ಕೆಂಪು ನೀರೇ ಕಾರಣವೆಂದು ಕೆಳಗಿನ ಮನೆಯವರು ಹೇಳುತ್ತಿದ್ದಾರೆ, ಅಮ್ಮನಿಗೆ ಅದರಿಂದ ನಿದ್ದೆ ಬರುತ್ತಿಲ್ಲ ಎಂದು ಬರೆದಿದ್ದೀರಿ. ಫೋನಿನಲ್ಲಿ ಹೇಳಿದರೆ ಅರ್ಧ ಮಾತು ಕಡಿದುಹೋಗುತ್ತದೆ, ಅವರಿಗೂ ಓದಿ ಹೇಳಲು ಆಗಲಿ ಎಂದು ಇದನ್ನು ವಿವರವಾಗಿ ಬರೆಯುತ್ತಿದ್ದೇನೆ. ನಾನು ಇಲ್ಲಿ ಓದುತ್ತಿರುವುದು ನೀರಿಗೆ ಇಂಥ ಬಣ್ಣ ತರುವ ಬ್ಯಾಕ್ಟೀರಿಯಾಗಳ ವಿಚಾರವನ್ನೇ ಆದ್ದರಿಂದ ಹೇಳುವ ಅಧಿಕಾರವೂ ನನಗೆ ಸ್ವಲ್ಪ ಇದೆ.

ಫೋಟೊ ಮೊದಲು ನೋಡಿದಾಗ ಅಡಿಕೆಯ ಚೊಗರು ಇಳಿದಿರಬಹುದೇ ಎಂದುಕೊಂಡೆ. ಆದರೆ ಚೊಗರಿನ ನೀರು ಕಂದು ಬಣ್ಣಕ್ಕೆ ಎಲ್ಲೆಡೆ ಒಂದೇ ಸಮನಾಗಿರುತ್ತದೆ. ನಿಮ್ಮ ಹೊಂಡದಲ್ಲಿರುವುದು ನೇರಳೆ ಬೆರೆತ ಗುಲಾಬಿ; ಅದು ಸಿಪ್ಪೆಯ ಮೇಲೆ ಪೊರೆಯಂತೆ ಹರಡಿದೆ. ಮಳೆಗಾಲದ ನೀರು ನಿಂತು, ಕೊಟ್ಟಿಗೆ ತೊಳೆದ ನೀರೂ ಅದಕ್ಕೇ ಸೇರಿ, ಹೋದ ವರ್ಷದ ಸಿಪ್ಪೆ ಗಾಳಿಯಿಲ್ಲದೆ ಕೊಳೆಯುತ್ತಿರುವ ಜಾಗ ನೇರಳೆ ಬ್ಯಾಕ್ಟೀರಿಯಾಗಳಿಗೆ ಹೇಳಿ ಮಾಡಿಸಿದಂತಿದೆ. ಖಚಿತಪಡಿಸಿಕೊಳ್ಳಲು ಮಾಧವನಿಗೆ ಒಂದು ಕೆಲಸ: ದಡದಿಂದ ಉದ್ದ ಕೋಲಿಗೆ ಕಟ್ಟಿದ ಪಾತ್ರೆಯಲ್ಲಿ ನೀರೆತ್ತಿ, ಎರಡು ಪಾರದರ್ಶಕ ಬಾಟಲಿಗಳಿಗೆ ಗಾಳಿ ಉಳಿಯದಂತೆ ಕಂಠದವರೆಗೆ ತುಂಬಿ ಮುಚ್ಚಳ ಹಾಕಲಿ. ಒಂದನ್ನು ಕಿಟಕಿಯ ಬಳಿ ನೇರ ಬಿಸಿಲು ಬೀಳದಂತೆ ಇಡಲಿ, ಇನ್ನೊಂದನ್ನು ಕಪ್ಪು ಬಟ್ಟೆಯಲ್ಲಿ ಸುತ್ತಿಡಲಿ. ಬರಿಯ ಬಣ್ಣವಾದರೆ ಎರಡೂ ಹಾಗೆಯೇ ಉಳಿಯುತ್ತವೆ. ಜೀವಿಯಾದರೆ ಒಂದೆರಡು ವಾರದಲ್ಲಿ ಬೆಳಕಿನ ಬಾಟಲಿಯ ಕೆಂಪು ಏರುತ್ತದೆ.

ಈ ಜೀವಿಗಳು ಗಿಡಗಳಂತೆಯೇ ಬೆಳಕನ್ನು ಹಿಡಿದು ಬದುಕುತ್ತವೆ, ಆದರೆ ಗಿಡಗಳಂತೆ ನೀರನ್ನು ಒಡೆದು ಆಮ್ಲಜನಕವನ್ನು ಬಿಡುವುದಿಲ್ಲ. ಇವುಗಳಲ್ಲಿ ಹಲವು ಆ ದುರ್ವಾಸನೆಯ ಹೈಡ್ರೋಜನ್ ಸಲ್ಫೈಡನ್ನೇ ಬಳಸಿಕೊಂಡು ಗಂಧಕದ ಸಣ್ಣ ಹನಿಗಳನ್ನಾಗಿ ಮೈಯೊಳಗೆ ಕೂಡಿಡುತ್ತವೆ. ಕೆಳಗಿನ ಮನೆಯವರು ವಿಷವೆಂದು ಕರೆದ ಆ ಪದರವೇ ವಾಸನೆಯ ಒಂದು ಪಾಲನ್ನು ಮೇಲೆ ಬಾರದಂತೆ ತಡೆಯುತ್ತಿದೆ ಎಂಬುದನ್ನು ಅವರಿಗೆ ದಯವಿಟ್ಟು ತಿಳಿಸಿ. ಇವು ಮನುಷ್ಯರ ಹೊಟ್ಟೆಯಲ್ಲಿ ಭೇದಿ ತರುವ ಜಾತಿಯವಲ್ಲ.

ಮರಗಳ ನೆರಳಿನಿಂದ ಆ ಮೂಲೆಗೆ ಬಿಸಿಲೇ ಬೀಳುವುದಿಲ್ಲ, ಆದರೂ ಹಲಸಿನ ಮರದ ಕಡೆಗೇ ಕೆಂಪು ಗಾಢವಾಗಿದೆ, ಇದು ಹೇಗೆ ಎಂದು ಕೇಳಿದ್ದೀರಿ. ಇಷ್ಟು ಒಳ್ಳೆಯ ಪ್ರಶ್ನೆಯನ್ನು ನೀವು ಕೇಳಿದಿರೆಂದು ಇಲ್ಲಿ ಜೊತೆಯವರಿಗೆಲ್ಲ ಹೇಳಿದೆ. ಎಲೆಗಳು ಕೆಂಪು ಮತ್ತು ನೀಲಿ ಬೆಳಕನ್ನು ಹೀರಿಕೊಳ್ಳುತ್ತವೆ. ಆದರೆ ಕೆಂಪಿನಾಚೆಗಿನ, ನಮ್ಮ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ, ಕೆಳಕ್ಕೆ ಬಿಟ್ಟುಬಿಡುತ್ತವೆ. ನಮಗೆ ನೆರಳೆಂದು ಕಾಣುವ ಜಾಗದಲ್ಲಿ ಈ ಬ್ಯಾಕ್ಟೀರಿಯಾಗಳಿಗೆ ಇನ್ನೂ ಊಟವಿದೆ. ಅವುಗಳ ಪತ್ರಹರಿತ್ತು ಗಿಡಗಳದ್ದಕ್ಕಿಂತ ತುಸು ಬೇರೆಯದಾಗಿದ್ದು, 800 ಮತ್ತು 850 ನ್ಯಾನೊಮೀಟರ್ (ಬೆಳಕಿನ ಅಲೆಯ ಉದ್ದದ ಅಳತೆ) ಆಸುಪಾಸಿನ ಆ ಕಿರಣಗಳನ್ನೇ ಹಿಡಿಯುತ್ತದೆ. ಜರ್ಮನಿಯ ಎಂಗೆಲ್ಮನ್ ಎಂಬ ವಿಜ್ಞಾನಿ 1883ರಷ್ಟು ಹಿಂದೆಯೇ ಸೂಕ್ಷ್ಮದರ್ಶಕದ ಕೆಳಗೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಹರಡಿದಾಗ, ಇವು ಹೋಗಿ ಗುಂಪುಗೂಡಿದ್ದು ಕಣ್ಣಿಗೆ ಏನೂ ಕಾಣದ ಆ ಅವಕೆಂಪಿನ ಜಾಗದಲ್ಲಿ. ನೀವು ನೋಡುತ್ತಿರುವ ಕೆಂಪು ನೇರಳೆ ಬಣ್ಣವಾದರೋ ಬಹುಪಾಲು ಕ್ಯಾರೊಟಿನಾಯ್ಡ್‌ಗಳದ್ದು, ಅಂದರೆ ಗಜ್ಜರಿಗೆ ಬಣ್ಣ ಕೊಡುವ ವಸ್ತುವಿನ ಬಳಗದ್ದು. ಅವು ನೀಲಿ ಹಸಿರು ಬೆಳಕನ್ನು ಹಿಡಿದು ಪತ್ರಹರಿತ್ತಿಗೆ ದಾಟಿಸುತ್ತವೆ.

ನೆರಳಿನ ಕಡೆ ಬಣ್ಣ ಏಕೆ ಗಾಢವೆಂಬುದಕ್ಕೆ ನಮ್ಮ ಮನೆಯ ಮಾಡನ್ನೇ ನೆನೆಯಿರಿ. ಜೋರು ಮಳೆಯಲ್ಲಿ ಬಚ್ಚಲಿನ ಸಣ್ಣ ಮಾಡಿನ ನೀರು ದೋಣಿಯಲ್ಲಿ ಹರಿದು ಹಂಡೆಯನ್ನು ತುಂಬಿಸಿಬಿಡುತ್ತದೆ. ಸಣ್ಣ ಜಿನುಗು ಮಳೆಯಲ್ಲಿ ಅದೇ ಹಂಡೆ ತುಂಬಲು ದೊಡ್ಡ ಮಾಡೇ ಬೇಕು. ಇವುಗಳಲ್ಲಿ ಹಂಡೆಯ ಕೆಲಸ ಮಾಡುವುದು ಪ್ರತಿಕ್ರಿಯಾ ಕೇಂದ್ರವೆಂಬ ಪ್ರೋಟೀನು. ಬೆಳಕಿನ ಶಕ್ತಿ ವಿದ್ಯುತ್ತಾಗಿ ಮಾರ್ಪಡುವುದು ಅಲ್ಲಿ. ಅದರ ರಚನೆಯನ್ನು ಬಿಡಿಸಿದ ಡೈಸನ್‌ಹೋಫರ್, ಹ್ಯೂಬರ್, ಮೈಕೆಲ್ ಎಂಬ ಮೂವರಿಗೆ 1988ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಮಾಡಿನ ಕೆಲಸ ಮಾಡುವುದು ಅದರ ಸುತ್ತಲಿನ ಬೆಳಕು ಸಂಗ್ರಹಿಸುವ ಉಂಗುರಗಳು. ಅಂಥ ಒಂದು ಉಂಗುರದ ರೂಪವನ್ನು ಮೊದಲು ಕಂಡದ್ದು ನಾನಿರುವ ಇದೇ ಗ್ಲಾಸ್ಗೋದಲ್ಲಿ, 1995ರಲ್ಲಿ. ಒಂಬತ್ತು ಜೋಡಿ ಪ್ರೋಟೀನುಗಳು ದುಂಡಗೆ ನಿಂತು 27 ಪತ್ರಹರಿತ್ತಿನ ಅಣುಗಳನ್ನು ಹಿಡಿದಿವೆ. ಅವುಗಳಲ್ಲಿ ಒಂಬತ್ತು 800ರ ಕಿರಣವನ್ನೂ ಹದಿನೆಂಟು 850ರ ಕಿರಣವನ್ನೂ ಹಿಡಿಯುತ್ತವೆ. ಮೊದಲ ಗುಂಪಿನಿಂದ ಎರಡನೆಯದಕ್ಕೆ ಶಕ್ತಿ ದಾಟಲು ಹಿಡಿಯುವ ಹೊತ್ತು ಒಂದು ಸೆಕೆಂಡಿನ ಲಕ್ಷ ಕೋಟಿ ಭಾಗಗಳಲ್ಲಿ ಸುಮಾರು ಒಂದು ಭಾಗ. ಆ ಉಂಗುರದ ಚಿತ್ರವನ್ನು ನೋಡಿದಾಗಲೆಲ್ಲ ನನಗೆ ಈಗಲೂ ಕೈಮುಗಿಯಬೇಕೆನಿಸುತ್ತದೆ.

ಬೆಳಕು ಕಡಿಮೆಯಾದರೆ ಈ ಜೀವಿಗಳು ಉಂಗುರಗಳನ್ನು ಹೆಚ್ಚು ಹೆಚ್ಚು ಕಟ್ಟಿಕೊಳ್ಳುತ್ತವೆ, ಅವುಗಳನ್ನು ಕೂರಿಸಲು ಒಳಪೊರೆಯನ್ನೂ ಬೆಳೆಸಿಕೊಳ್ಳುತ್ತವೆ. ಹಾಗಾಗಿ ನೆರಳಿನ ಬ್ಯಾಕ್ಟೀರಿಯಾ ಗಾಢ, ಬಿಸಿಲಿನದು ಪೇಲವ. ಸೈಮನ್ ಶೌರಿಂಗ್ ಮತ್ತು ಜೇಮ್ಸ್ ಸ್ಟರ್ಗಿಸ್ ಫ್ರಾನ್ಸಿನಲ್ಲಿ ಆ ಪೊರೆಯ ಮೇಲೆ ಅತಿ ಸೂಕ್ಷ್ಮ ಮೊನೆಯೊಂದನ್ನು ಹಾಯಿಸಿ 2005ರಲ್ಲಿ ಇದನ್ನು ಕಣ್ಣಿಗೆ ಕಾಣುವಂತೆ ತೋರಿಸಿದರು: ಮಂದ ಬೆಳಕಿನಲ್ಲಿ ಬೆಳೆದ ಪೊರೆಯಲ್ಲಿ ಈ ಉಂಗುರಗಳೇ ಒತ್ತೊತ್ತಾಗಿ ಸೇರಿಕೊಂಡ ಹೊಸ ಪ್ರದೇಶಗಳು ಎದ್ದಿದ್ದವು. ಇನ್ನೂ ಕೆಲವು ತಳಿಗಳು ಉಂಗುರಗಳನ್ನು ಹೆಚ್ಚಿಸುವುದಷ್ಟೇ ಅಲ್ಲದೆ 850ರ ಬದಲು 820ರ ಕಿರಣ ಹಿಡಿಯುವ ಬೇರೆ ಬಗೆಯ ಉಂಗುರವನ್ನೇ ತಯಾರಿಸುತ್ತವೆ. ಪ್ರಯೋಗಾಲಯದಲ್ಲಿ ನಾನು ಇವುಗಳನ್ನು ಬೆಳೆಸುವ ಕಪಾಟಿನಲ್ಲಿ ದೀಪದ ಪಕ್ಕದ ಬಾಟಲಿಯೂ ದೂರದ ಮೂಲೆಯ ಬಾಟಲಿಯೂ ಒಂದೇ ಬೀಜದಿಂದ ಹುಟ್ಟಿದವು. ಜೀವಕೋಶಗಳ ಸಂಖ್ಯೆ ಸಮನಾಗಿದ್ದಾಗಲೂ ಮೊದಲನೆಯದು ತಿಳಿ ಗುಲಾಬಿ, ಎರಡನೆಯದು ಕಪ್ಪಿಗೆ ತಿರುಗುವಷ್ಟು ಕೆಂಪು.

ಗಾಢ ಬಣ್ಣದ್ದನ್ನು ಥಟ್ಟನೆ ಬಿಸಿಲಿಗಿಟ್ಟರೆ ಏನಾಗುತ್ತದೆಂಬುದನ್ನು ಅಮೆರಿಕದ ಕೊಹೆನ್-ಬಜೀರ್, ಸಿಸ್ಟ್ರಮ್ ಮತ್ತು ಸ್ಟಾನಿಯರ್ ಎಂಬುವರು 1957ರಲ್ಲೇ ಅಳೆದು ನೋಡಿದರು. ಬೆಳಕು ಹೆಚ್ಚಿದ ಕೂಡಲೇ ಬ್ಯಾಕ್ಟೀರಿಯಾಗಳು ಪತ್ರಹರಿತ್ತಿನ ತಯಾರಿಯನ್ನು ನಿಲ್ಲಿಸುತ್ತವೆ, ಆದರೆ ಬೆಳೆಯುವುದನ್ನು ನಿಲ್ಲಿಸುವುದಿಲ್ಲ. ಇದ್ದ ಬಣ್ಣ ತಲೆಮಾರಿನಿಂದ ತಲೆಮಾರಿಗೆ ಹಂಚಿಹೋಗಿ ತೆಳುವಾಗುತ್ತದೆ. ಆಮ್ಲಜನಕ ತಾಕಿದಾಗಲೂ ಹೀಗೆಯೇ. ಅದಕ್ಕೆ ಬಲವಾದ ಕಾರಣವಿದೆ. ಹಿಡಿದ ಶಕ್ತಿ ಖರ್ಚಾಗದೆ ಉಳಿದು, ಪಕ್ಕದಲ್ಲಿ ಆಮ್ಲಜನಕವೂ ಇದ್ದರೆ, ಅದು ಜೀವಕೋಶವನ್ನೇ ಸುಡುವಂಥ ರೂಪಕ್ಕೆ ತಿರುಗುತ್ತದೆ. ಕ್ಯಾರೊಟಿನಾಯ್ಡ್ ಇಲ್ಲದ ತಳಿಯೊಂದು ಬೆಳಕು ಮತ್ತು ಗಾಳಿ ಎರಡೂ ಒಟ್ಟಿಗೆ ತಾಕಿದಾಗ ಸತ್ತುಹೋಯಿತೆಂಬುದು 1955ರಲ್ಲೇ ತಿಳಿದ ಸಂಗತಿ.

ಆದ್ದರಿಂದ ಅಪ್ಪಯ್ಯ, ಹೊಂಡದ ಮೇಲೆ ಸೋಗೆ ಹೊದಿಸಿ ಬಣ್ಣವನ್ನು ಕೊಲ್ಲುವ ನಿಮ್ಮ ಯೋಚನೆ ಫಲಿಸುವುದಿಲ್ಲ. ಸೋಗೆಯ ಸಂದಿಯಲ್ಲಿ ಇಳಿಯುವ ಬೆಳಕೇ ಅವಕ್ಕೆ ಸಾಕು. ಇನ್ನಷ್ಟು ಉಂಗುರ ಕಟ್ಟಿಕೊಂಡು ಇನ್ನೂ ಗಾಢವಾಗುತ್ತವೆ. ಇವುಗಳ ದೂರದ ನೆಂಟರಾದ ಹಸಿರು ಗಂಧಕ ಬ್ಯಾಕ್ಟೀರಿಯಾಗಳು ಕಪ್ಪು ಸಮುದ್ರದಲ್ಲಿ ಸುಮಾರು 100 ಮೀಟರ್ ಆಳದಲ್ಲಿ, ಮೇಲ್ಮೈ ಬೆಳಕಿನ ಶೇಕಡಾ ಒಂದರಲ್ಲಿ ಸಾವಿರದ ಒಂದು ಭಾಗವೂ ತಲುಪದ ಕಡೆ ಬದುಕಿವೆ. ಸೋಗೆ ಯಾವ ಲೆಕ್ಕ? ನೀರು ಬತ್ತಿಸಿ, ಕೆಸರು ಒಣಗಿ ವಾಸನೆ ಪೂರ್ತಿ ನಿಂತು ಕೆಲವು ದಿನ ಕಳೆದ ಮೇಲೆ ಸಿಪ್ಪೆಯನ್ನು ದಡದಿಂದಲೇ ಎಳೆದು ಬಿಸಿಲಿಗೆ ಹರವಿ. ಗಾಳಿಯಾಡಿದರೆ ಬಣ್ಣ ತಾನಾಗಿ ಹೋಗುತ್ತದೆ. ಕೊಟ್ಟಿಗೆಯ ನೀರನ್ನು ಬೇರೆ ಕಡೆಗೆ ತಿರುಗಿಸುವುದು ಎಲ್ಲಕ್ಕಿಂತ ಮುಖ್ಯ.

ನನ್ನ ನಿಜವಾದ ಭಯ ಆ ಕೊಟ್ಟಿಗೆಯ ನೀರಿನದೇ. ಹೊಂಡದಿಂದ ಬಾವಿಗೆ ಇರುವ ದೂರ ಕಡಿಮೆ. ಕೆಂಪು ಪದರ ನಿರಪರಾಧಿಯಾದರೂ, ಸಗಣಿ ನೀರು ಜಿನುಗಿ ಬಾವಿಗೆ ಸೇರಿದ್ದರೆ ಅಜ್ಜಿಯ ಭೇದಿಗೆ ಅದೇ ಕಾರಣವಿರಬಹುದು, ಬಣ್ಣವಿಲ್ಲದ ನೀರಿನಲ್ಲೂ ಆ ರೋಗಾಣುಗಳಿರಬಹುದು. ಬಾವಿ ನೀರನ್ನು ಸರ್ಕಾರಿ ಪ್ರಯೋಗಾಲಯಕ್ಕೆ ಕೊಟ್ಟು ಪರೀಕ್ಷೆ ಮಾಡಿಸಿ. ಬ್ಲೀಚಿಂಗ್ ಪುಡಿಯನ್ನು ಎಷ್ಟು ಹಾಕಬೇಕೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ, ಅಂದಾಜಿನ ಮೇಲೆ ಸುರಿಯಬೇಡಿ. ಈ ಊರಿನಲ್ಲಿ ನಲ್ಲಿಯ ನೀರನ್ನು ಯಾರೂ ಕುದಿಸುವುದಿಲ್ಲ, ಹೋಟೆಲಿನಲ್ಲಿಯೂ ನಲ್ಲಿಯಿಂದಲೇ ಹಿಡಿದು ಕೊಡುತ್ತಾರೆ, ಕುಡಿದರೆ ನಮ್ಮ ಘಟ್ಟದ ಒರತೆಯ ನೀರಿನಷ್ಟು ತಿಳಿ. ಇದೇ ಊರು ಹಿಂದೆ ಮತ್ತೆ ಮತ್ತೆ ಕಾಲರಾ ಕಂಡು, ಕಡೆಗೆ ಬೆಟ್ಟದ ನಡುವಿನ ಲಾಕ್ ಕ್ಯಾಟ್ರಿನ್ ಸರೋವರದಿಂದ ನೀರನ್ನು ತಂದುಕೊಂಡಿತು. 1859ರಲ್ಲಿ ವಿಕ್ಟೋರಿಯಾ ರಾಣಿ ಬಂದು ಅದನ್ನು ಉದ್ಘಾಟಿಸಿದರು. ನೀರಿನ ವಿಚಾರದಲ್ಲಿ ಖರ್ಚು ನೋಡಬಾರದೆಂದು ಇದನ್ನು ಬರೆದೆ. ಪೈಪು, ಪರೀಕ್ಷೆ, ಆಸ್ಪತ್ರೆ ಎಲ್ಲದಕ್ಕೂ ನಾನು ಹಣ ಕಳಿಸುತ್ತೇನೆ, ಅಡಿಕೆ ಮಾರಾಟವಾಗಲಿ ಎಂದು ಕಾಯಬೇಡಿ.

ಅಮ್ಮ, ನನ್ನ ಬಗ್ಗೆ ಏನೇನೂ ಚಿಂತೆ ಬೇಡ. ಈಗ ಇಲ್ಲಿ ಬೆಳಗ್ಗೆ ಎಂಟೂವರೆ ದಾಟಿದ ಮೇಲೆ ಸೂರ್ಯ ಹುಟ್ಟಿ ಸಂಜೆ ನಾಲ್ಕಕ್ಕೆ ಮೊದಲೇ ಮುಳುಗುತ್ತಾನೆ ನಿಜ. ಅದಕ್ಕಾಗಿ ಚಳಿಗಾಲದಲ್ಲಿ ವಿಟಮಿನ್ ಡಿ ಮಾತ್ರೆ ತೆಗೆದುಕೊಳ್ಳಿರೆಂದು ಸರ್ಕಾರವೇ ಜನರಿಗೆ ಹೇಳುತ್ತದೆ, ನಾನೂ ತಪ್ಪದೆ ನುಂಗುತ್ತೇನೆ. ಕೋಣೆ ಬೆಚ್ಚಗಿದೆ, ಅನ್ನ ಸಾರು ಮಾಡಿಕೊಳ್ಳುತ್ತೇನೆ, ನೆಗಡಿ ಕೂಡ ಇಲ್ಲ. ನೀನು ನಿದ್ದೆ ಮಾಡು.

ಅಜ್ಜಿಗೆ ಜ್ವರ ಬಂದರೆ, ಭೇದಿಯಲ್ಲಿ ರಕ್ತ ಕಂಡರೆ ಅಥವಾ ಮೂತ್ರ ಕಡಿಮೆಯಾದರೆ ವೈದ್ಯರ ಸಮಯಕ್ಕೆ ಕಾಯದೆ ರಾತ್ರಿಯಾದರೂ ಆಸ್ಪತ್ರೆಗೆ ಸೇರಿಸಿ. ವೈದ್ಯರು ಏನೆಂದರೆಂದು ಮಾಧವ ನಾಳೆಯೇ ತಿಳಿಸಲಿ, ಅಪರಾತ್ರಿಯಾದರೂ ಫೋನ್ ಮಾಡಲಿ. ಪ್ರಯೋಗಾಲಯ ತೆರೆಯುವ ಹೊತ್ತಾಯಿತು, ಹೊರಡುತ್ತೇನೆ. ಅಜ್ಜಿಗೆ ನನ್ನ ನಮಸ್ಕಾರ ಹೇಳಿ, ಮಂಜನಿಗೆ ಹೊಂಡದ ಹತ್ತಿರ ಹೋಗಬೇಡವೆಂದು ಇನ್ನೊಮ್ಮೆ ಹೇಳಿ.

ಇತಿ ನಿಮ್ಮ ಪ್ರೀತಿಯ ಮಗಳು,
ವಾಣಿ